ದಿಮ್ಮಿಯ ಲೆಕ್ಕ: ಜಪಾನ್ ಮತ್ತು ಚೀನಾ

ಜಪಾನ್ ಮತ್ತು ಚೀನಾಗಳ ದಿಮ್ಮಿ ಆಮದನ್ನು ಒಂದೇ ನಕ್ಷೆಯಲ್ಲಿ ಎರಡು ಗೆರೆಗಳಾಗಿ ಎಳೆದು ಹೋಲಿಸುವ ರೂಢಿಯಿದೆ. ಜಪಾನಿನ ಗೆರೆ 1970ರ ದಶಕದ ಆರಂಭದಲ್ಲಿ ಸುಮಾರು 5 ಕೋಟಿ ಘನ ಮೀಟರಿಗೆ ಏರಿ, ಈಗ ಅದರ ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿದಿದೆ. ಚೀನಾದ್ದು 1998ರಲ್ಲಿ 50 ಲಕ್ಷದ ಆಸುಪಾಸಿನಲ್ಲಿದ್ದು, 2017ರ ಹೊತ್ತಿಗೆ 5.5 ಕೋಟಿ ಮುಟ್ಟಿತು. ಒಂದು ದೇಶ ಪರರ ಕಾಡಿನ ಗೊಡವೆ ಬಿಟ್ಟಿತು, ಇನ್ನೊಂದು ಕೊಡಲಿ ಎತ್ತಿಕೊಂಡಿತು ಎಂದು ಓದುವುದು ಸುಲಭ. ಆದರೆ ಈ ಓದು ಕಾಡಿಗೂ ಸತ್ಯಕ್ಕೂ ಅನ್ಯಾಯ ಮಾಡುತ್ತದೆ.

ಜಪಾನಿನ ಇಳಿಕೆಯನ್ನೇ ನೋಡಿ. 1985ರಲ್ಲಿ ಇಂಡೋನೇಷ್ಯಾ ದಿಮ್ಮಿ ರಫ್ತನ್ನು ಪೂರ್ತಿ ನಿಷೇಧಿಸಿ, ತನ್ನಲ್ಲೇ ಪ್ಲೈವುಡ್ ಮಾಡಿ ಮಾರತೊಡಗಿತು. ಜಪಾನ್ ಅದನ್ನು ಕೊಂಡಿತು. ಅಲ್ಲಿ ಕಾಂಕ್ರೀಟ್ ಸುರಿಯಲು ಬಳಸುವ ಸೆಂಟ್ರಿಂಗ್ ಹಲಗೆ 90 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ, 12 ಮಿ.ಮೀ. ದಪ್ಪ. ಮಳೆಕಾಡಿನ ಮರವನ್ನು ಗಿರಗಿರ ತಿರುಗಿಸಿ, ಅಲಗಿಗೆ ಒಡ್ಡಿ, ಸುರುಳಿಯಾಗಿ ಸುಲಿದ ಪದರಗಳನ್ನು ಅಂಟಿಸಿ ಮಾಡಿದ ಆ ಹಲಗೆಯನ್ನು ಕೆಲವೇ ಸಲ ಬಳಸಿ ಎಸೆಯುತ್ತಿದ್ದರು. ಒಂದು ಘನ ಮೀಟರ್ ಪ್ಲೈವುಡ್ಡಿಗೆ ಎರಡಕ್ಕಿಂತ ಹೆಚ್ಚು ಘನ ಮೀಟರ್ ದಿಮ್ಮಿ ಬೇಕು. ದಿಮ್ಮಿಯ ಲೆಕ್ಕದಲ್ಲಿ ಮಾತ್ರ ಇದಾವುದೂ ಕಾಣುವುದಿಲ್ಲ.

ಚೀನಾದ ಏರಿಕೆಗೆ ಕಾರಣ ಯಾಂಗ್ಸಿ ನದಿಯ 1998ರ ಮಹಾಪ್ರವಾಹ. ಆ ದುರಂತದ ನಂತರ ಸರ್ಕಾರ ಮೇಲ್ದಂಡೆಯ ಸಹಜ ಕಾಡುಗಳಲ್ಲಿ ಕಡಿತಲೆ ನಿಲ್ಲಿಸಿತು. 1999ರಲ್ಲಿ ದಿಮ್ಮಿಯ ಆಮದು ಸುಂಕವನ್ನೂ ತೆಗೆಯಿತು. ಗಡಿಯೂರು ಮನ್‌ಝೌಲಿಯಲ್ಲಿ ರಷ್ಯಾದ 1520 ಮಿ.ಮೀ. ಹಳಿ ಮುಗಿದು ಚೀನಾದ 1435 ಮಿ.ಮೀ. ಹಳಿ ಶುರುವಾಗುತ್ತದೆ. ಸೈಬೀರಿಯಾದ ಪೈನ್, ಲಾರ್ಚ್ ದಿಮ್ಮಿಗಳನ್ನು ಅಲ್ಲಿ ಒಂದು ರೈಲಿನಿಂದ ಇಳಿಸಿ ಇನ್ನೊಂದಕ್ಕೆ ಹೇರುತ್ತಿದ್ದರು. ಬಂದ ಮರದ ದೊಡ್ಡ ಪಾಲು ಚೀನಾದ ಕಟ್ಟಡಗಳಿಗೇ ಹೋಯಿತು, ನಿಜ. ಉಳಿದದ್ದರಲ್ಲಿ ಬಹಳಷ್ಟು ಮಂಚ, ಮೇಜು, ಪ್ಲೈವುಡ್ ಆಗಿ ಅಮೆರಿಕ, ಯುರೋಪ್, ಜಪಾನ್ ಸೇರಿತು. ಬಳಸಿದವರ ಪಾಲೂ ಚೀನಾದ ಖಾತೆಯಲ್ಲೇ ಉಳಿಯಿತು.

ಜಪಾನಿನ ನಿಜವಾದ ಗಳಿಕೆಯನ್ನೂ ಒಪ್ಪಬೇಕು. ಯುದ್ಧಾನಂತರ ನೆಟ್ಟ ಸುಗಿ ಮರಗಳು ಬಲಿತು, ಪ್ಲೈವುಡ್ ಗಿರಣಿಗಳು ಅವನ್ನು ಬಳಸಲು ಕಲಿತವು. 2002ರಲ್ಲಿ ಶೇ. 19ಕ್ಕೆ ಕುಸಿದಿದ್ದ ಮರದ ಸ್ವಾವಲಂಬನೆ 2020ರ ವೇಳೆಗೆ ಶೇ. 40ರ ಮಟ್ಟಕ್ಕೆ ಬಂತು. ಇದು ಮೆಚ್ಚತಕ್ಕ ಸಾಧನೆ. ಆದರೆ ಕೆಳಗಿಳಿದ ಗೆರೆಯಲ್ಲಿ ಈ ಶ್ರಮವೂ ಪ್ಲೈವುಡ್ಡಿನ ವೇಷಾಂತರವೂ ಬೆರೆತುಹೋಗಿವೆ.

ಮುಂದೆಯೂ ಇದೇ ತಪ್ಪಾಗಬಹುದು. 2022ರ ಜನವರಿಯಿಂದ ರಷ್ಯಾ ಪೈನ್ ಜಾತಿಯ ಕಚ್ಚಾ ದಿಮ್ಮಿಗಳ ರಫ್ತು ನಿಷೇಧಿಸಿದೆ. ಆ ಮರ ಈಗ ಕೊಯ್ದ ಹಲಗೆಯಾಗಿ ಗಡಿ ದಾಟುತ್ತದೆ; ದಿಮ್ಮಿಯ ಲೆಕ್ಕದಲ್ಲಿ ಅದೂ ಕಾಣುವುದಿಲ್ಲ.

ಹಾಗಾಗಿ ಇಂಥ ಹೋಲಿಕೆ ಪ್ಲೈವುಡ್, ಹಲಗೆ, ಪೀಠೋಪಕರಣಗಳನ್ನೆಲ್ಲ ದಿಮ್ಮಿಯ ಅಳತೆಗೆ ತಂದು, ಮರುರಫ್ತನ್ನು ಕಳೆದು, ಮರ ಯಾವ ಕಾಡಿನದೆಂದು ಹೇಳಬೇಕು. ನವಮಂಗಳೂರು ಬಂದರಿನಲ್ಲೂ ಹೊರದೇಶದ ದಿಮ್ಮಿ ಇಳಿಯುತ್ತದೆ. ಪಶ್ಚಿಮಘಟ್ಟದ ಕಾಡು ಉಳಿಯಲೆಂದು ಹಂಬಲಿಸುವ ನಮಗೂ ನಮ್ಮ ಮನೆಯ ಬಾಗಿಲಿನ ಮರ ಯಾರ ಬೆಟ್ಟದಿಂದ ಬಂತೆಂದು ಕೇಳುವ ಹೊಣೆಯಿದೆ.