ಒಂದು ಗಂಟೆಯ ರಾಜಕುಮಾರ

1994ರಲ್ಲಿ ಶಿವಮೊಗ್ಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ನನ್ನನ್ನು ಸೇರಿಸಿದಾಗ ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಫೀಸಿನ ಮೊದಲ ಕಂತನ್ನು ಸಾಹುಕಾರರಿಂದ ಸಂಬಳದ ಮುಂಗಡವಾಗಿ ತಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಏಸಿಯ ತಣ್ಣನೆಯ ಕೋಣೆಯೊಳಗೆ, ಇಬ್ಬರಿಗೊಂದರಂತೆ ಇಟ್ಟಿದ್ದ ಕಂಪ್ಯೂಟರಿನ ಮುಂದೆ ದಿನಕ್ಕೊಂದು ಗಂಟೆ ಕೂರಬೇಕು. ಕಲಿಯಬೇಕಾಗಿದ್ದದ್ದು ಡಿಬೇಸ್ ಮತ್ತು ಕೋಬಾಲ್. ನಾವು ಕಲಿತದ್ದು 'ಪ್ರಿನ್ಸ್ ಆಫ್ ಪರ್ಷಿಯಾ'.

ಆ ಆಟವನ್ನು ಈಗ ನೆನೆಯುವವರು ಬಾಲ್ಯದ ಐಸ್‌ಕ್ಯಾಂಡಿಯನ್ನು ನೆನೆಯುವ ಧಾಟಿಯಲ್ಲಿ ನೆನೆಯುತ್ತಾರೆ. ನನಗೆ ಆ ಧಾಟಿ ಒಗ್ಗುವುದಿಲ್ಲ. ಐಸ್‌ಕ್ಯಾಂಡಿ ಚೆನ್ನಾಗಿಲ್ಲದಿದ್ದರೂ ಅದರ ನೆನಪು ಸಿಹಿಯಾಗಿರಬಹುದಲ್ಲ? ಆಟ ನಿಜಕ್ಕೂ ಚೆನ್ನಾಗಿತ್ತೇ, ಅಥವಾ ನಮಗಾಗ ಹದಿನೆಂಟು ವರ್ಷವಾಗಿತ್ತು ಅಷ್ಟೆಯೇ? ಕಳೆದ ಮಳೆಗಾಲದಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಅದನ್ನು ಮತ್ತೆ ಆಡಿ ನೋಡಿದೆ.

ಕತೆ 'ಚಂದಮಾಮ' ಓದಿದವರಿಗೆ ಹೊಸದೇನಲ್ಲ. ದುಷ್ಟ ವಜೀರ ಜಾಫರ್ ರಾಜಕುಮಾರಿಯ ಮುಂದೆ ಮರಳಿನ ಗಡಿಯಾರವಿಟ್ಟು, ಒಂದು ಗಂಟೆಯೊಳಗೆ ತನ್ನನ್ನು ಮದುವೆಯಾಗು, ಇಲ್ಲವೇ ಸಾಯಿ ಎನ್ನುತ್ತಾನೆ. ಅವಳ ಪ್ರಿಯಕರ ನೆಲಮಾಳಿಗೆಯ ಸೆರೆಯಲ್ಲಿದ್ದಾನೆ, ಕೈಯಲ್ಲಿ ಕತ್ತಿಯೂ ಇಲ್ಲ. ಹನ್ನೆರಡು ಹಂತ ದಾಟಿ ಅವನು ಮೇಲೆ ಬರಬೇಕು. ರಾಜಕುಮಾರಿಗೆ ಇಡೀ ಆಟದಲ್ಲಿ ಇರುವ ಕೆಲಸವೆಂದರೆ ಕಾಯುವುದು, ಒಮ್ಮೆ ಒಂದು ಇಲಿಯನ್ನು ಕಳಿಸುವುದು. ಅವಳು ಕಳಿಸಿದ ಇಲಿ ಬಾಗಿಲು ತೆರೆಯಿಸುತ್ತದೆ, ಅವಳು ನಿಂತೇ ಇರುತ್ತಾಳೆ. ಆಗ ಇದು ನಮ್ಮ ಕಣ್ಣಿಗೆ ಬೀಳಲಿಲ್ಲ. ಮಗಳ ಕಣ್ಣಿಗೆ ಮೊದಲ ನಿಮಿಷದಲ್ಲೇ ಬಿತ್ತು.

ಆದರೆ ಆ ಹುಡುಗ ಓಡುವ ಚೆಂದ ಇಂದಿಗೂ ಮಾಸಿಲ್ಲ. ಇದನ್ನು ಆಪಲ್ ಟೂ ಯಂತ್ರಕ್ಕಾಗಿ ರಚಿಸಿ 1989ರಲ್ಲಿ ಹೊರತಂದ ಜೋರ್ಡಾನ್ ಮೆಕ್ನರ್, ತಮ್ಮನಾದ ಡೇವಿಡ್‌ನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ಅದನ್ನು ವಿಡಿಯೋದಲ್ಲಿ ಹಿಡಿದು ಒಂದೊಂದೇ ಚಿತ್ರವಾಗಿ ತಿದ್ದಿ ಬರೆದರು. ಹಾಗಾಗಿ ಅವನು ಮನುಷ್ಯನಂತೆ ತೂಕವುಳ್ಳವನು. ಓಡುತ್ತಿರುವವನನ್ನು ನಿಲ್ಲಿಸಿದರೆ ತಕ್ಷಣ ನಿಲ್ಲುವುದಿಲ್ಲ, ಒಂದೆರಡು ಹೆಜ್ಜೆ ಜಾರುತ್ತಾನೆ. ಆ ಎರಡು ಹೆಜ್ಜೆಯಾಚೆಗೆ ನೆಲದಿಂದೇಳುವ ಮೊಳೆಗಳಿದ್ದರೆ ಮುಗಿಯಿತು. ಶಿಫ್ಟ್ ಒತ್ತಿ ಅಂಚಿನವರೆಗೆ ಅಡಿಯಿಡುವುದನ್ನು ಕಲಿಯದವರು ಮೂರನೆಯ ಹಂತವನ್ನೂ ಕಾಣಲಿಲ್ಲ.

ಸತ್ತರೆ ಆ ಹಂತದ ಮೊದಲಿನಿಂದ ಮತ್ತೆ ಶುರು. ಎಷ್ಟು ಸಲ ಬೇಕಾದರೂ ಸಾಯಬಹುದು. ಗಡಿಯಾರ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಅರವತ್ತು ನಿಮಿಷದಲ್ಲಿ ಕಳೆದದ್ದು ಕಳೆದಂತೆಯೇ. ಈ ಆಟದ ಸತ್ವ ಇರುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಪ್ರಾಣ ಅಗ್ಗ, ಸಮಯ ತುಟ್ಟಿ. 2003ರಲ್ಲಿ ಬಂದ 'ಸ್ಯಾಂಡ್ಸ್ ಆಫ್ ಟೈಮ್'ನಲ್ಲಿ ರಾಜಕುಮಾರನಿಗೆ ಕಾಲವನ್ನೇ ಹಿಂದಕ್ಕೆ ಸರಿಸುವ ಕಠಾರಿ ಸಿಗುತ್ತದೆ. ಅದೂ ಒಳ್ಳೆಯ ಆಟವೇ, ಮಗಳಿಗೆ ಅದೇ ಇಷ್ಟ. ಆದರೆ ಕಂದಕದ ಅಂಚಿನಲ್ಲಿ ನಿಂತಾಗ ಹೊಟ್ಟೆಯೊಳಗೆ ಆಗುವ ಆ ತಳಮಳ ಅದರಲ್ಲಿ ನನಗೆ ಆಗಲಿಲ್ಲ.

ನಮ್ಮ ಗಂಟೆಯೂ ಅವನ ಗಂಟೆಯೂ ಒಂದೇ ಅಳತೆಯವಾಗಿದ್ದವು. ಆಟವನ್ನು ಉಳಿಸಿಡುವ ಸೌಕರ್ಯವಿತ್ತು ನಿಜ, ಆದರೆ ಇದ್ದದ್ದು ಒಂದೇ ಜಾಗ. ನಾವು ಉಳಿಸಿಟ್ಟದ್ದರ ಮೇಲೆ ಮುಂದಿನ ಬ್ಯಾಚಿನವರು ತಮ್ಮದನ್ನು ಇಡುತ್ತಿದ್ದರು. 'ಪ್ರಿನ್ಸ್ ಮೆಗಾಹಿಟ್' ಎಂದು ಟೈಪು ಮಾಡಿ ಆಟ ತೆರೆದರೆ ಹಂತಗಳನ್ನು ಹಾರಿಸಿಕೊಂಡು ಹೋಗಬಹುದೆಂಬ ಗುಟ್ಟು ಎಲ್ಲರಿಗೂ ಗೊತ್ತಿತ್ತು. ಹಾಗೆ ಹೋಗಿ ರಾಜಕುಮಾರಿಯನ್ನು ಕಂಡೆವು. ಏನೂ ಅನ್ನಿಸಲಿಲ್ಲ.

ನಾಲ್ಕನೆಯ ಹಂತದಲ್ಲೊಂದು ಕನ್ನಡಿ ಅಡ್ಡ ಬರುತ್ತದೆ. ಅದರೊಳಕ್ಕೆ ಹಾರಿದರೆ ಆಚೆ ಕಡೆಯಿಂದ ನಮ್ಮದೇ ನೆರಳು ಹೊರಬಿದ್ದು ಓಡಿಹೋಗುತ್ತದೆ. ಮುಂದೆ ನಮ್ಮ ಔಷಧಿಯನ್ನು ಅದು ಕುಡಿದುಬಿಡುತ್ತದೆ, ಬಾಗಿಲು ಮುಚ್ಚಿ ನಮ್ಮನ್ನು ಕೆಳಕ್ಕೆ ಬೀಳಿಸುತ್ತದೆ. ಯಂತ್ರದ ಮೆಮೊರಿಯಲ್ಲಿ ಇನ್ನೊಬ್ಬ ಶತ್ರುವಿನ ಚಿತ್ರಗಳಿಗೆ ಜಾಗ ಉಳಿಯದೆ, ನಾಯಕನ ಚಿತ್ರಗಳನ್ನೇ ಬಣ್ಣ ಬದಲಿಸಿ ಬಳಸಿದ್ದರಿಂದ ಹುಟ್ಟಿದವನಂತೆ ಈ ನೆರಳು. ಬಡತನದಿಂದ ಇಷ್ಟು ದೊಡ್ಡ ಕಲ್ಪನೆ ಹುಟ್ಟಿದ್ದನ್ನು ನಾನು ಹೆಚ್ಚು ಕಂಡಿಲ್ಲ. ಕೊನೆಯ ಹಂತದಲ್ಲಿ ಅವನೊಂದಿಗೆ ಕಾದಾಡಬೇಕು. ಅವನಿಗೆ ಹೊಡೆದರೆ ನಮ್ಮ ಪ್ರಾಣವೂ ಕಡಿಮೆಯಾಗುತ್ತದೆ. ನಾಲ್ಕು ದಿನ ಹೀಗೆ ಸತ್ತೆವು. ಐದನೆಯ ದಿನ ಪಕ್ಕದಲ್ಲಿದ್ದ ನನ್ನ ಜೊತೆಗಾರ ಒಮ್ಮೆಲೇ, "ಕತ್ತಿ ಒಳಗಿಡೋ, ಅವನು ನೀನೇ ಕಣೋ" ಎಂದ. ಒಳಗಿಟ್ಟು ಓಡಿದೆ. ಇಬ್ಬರೂ ಬೆರೆತು ಒಬ್ಬರಾದರು. ಮುಂದೆ ಬರೀ ಶೂನ್ಯವಿದ್ದ ಕಡೆ, ಹೆಜ್ಜೆಯಿಟ್ಟಂತೆಲ್ಲ ನೆಲ ಮೂಡುತ್ತ ಹೋಯಿತು.

ಆ ದಿನ ಮಳೆ. ಕೊಡೆ ಹಿಡಿದು ನನ್ನನ್ನು ಕರೆದೊಯ್ಯಲು ಬಂದ ಅಪ್ಪ ಗಾಜಿನ ಬಾಗಿಲಾಚೆ ಯಾವಾಗಿನಿಂದ ನಿಂತಿದ್ದರೋ ತಿಳಿಯದು. ದಾರಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

"ಆ ಓಡೋನು, ಥೇಟ್ ಮನುಷ್ಯ ಓಡಿದ ಹಾಗೇ ಓಡ್ತಾನಲ್ಲ. ಅವನ್ನ ಮಾಡಿದ್ದು ನೀನೇನೋ?"

ನಾನು ಹೂಂ ಎಂದೆ.

ಮರುದಿನ ಅದನ್ನು ಮಂಡಿಯಲ್ಲಿ ನಾಲ್ಕು ಜನರಿಗೆ ಹೇಳಿದರಂತೆ. ಎರಡನೆಯ ಕಂತನ್ನು ಆ ವಾರವೇ ಕಟ್ಟಿದರು.