ಟನ್ನಿನ ಲೆಕ್ಕ, ಕಟ್ಟಿಗೆಯ ನಾರು

ಮಿಷನ್ನಿನ ಮೈಮೇಲೆ ಕೆಂಪಕ್ಷರದಲ್ಲಿ ‘20 ಟನ್’ ಎಂದು ಬರೆದಿತ್ತು. ಅಂಗಡಿಯವರು ಹೇಳಿದ್ದೂ ಅದನ್ನೇ, ನಾವು ನಾಲ್ಕು ಮನೆಯವರು ದುಡ್ಡು ಕೂಡಿಸಿ ತಂದದ್ದೂ ಅದನ್ನೇ ನಂಬಿ. ಎರಡು ಬೇಸಿಗೆ ಅದರಲ್ಲಿ ಕಟ್ಟಿಗೆ ಒಡೆದಿದ್ದೇನೆ. ಹೈಡ್ರಾಲಿಕ್ ಕಟ್ಟಿಗೆ ಮಿಷನ್ ಕೊಳ್ಳುವವರು ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ ಈ ಟನ್ನಿನದು ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಬಚ್ಚಲ ಹಂಡೆಗೆ ವರ್ಷವಿಡೀ ಬೆಂಕಿ ಬೇಕು, ಕೊಯ್ಲಿನ ಹೊತ್ತಿಗೆ ಅಡಿಕೆ ಬೇಯಿಸುವ ಒಲೆ ಬೇರೆ. ಚೈನ್ ಸಾ ಬಂದ ಮೇಲೆ ಬಿದ್ದ ಮರ ತುಂಡು ಮಾಡುವುದು ಹಗುರಾಯಿತು. ಒಡೆಯುವ ಕೆಲಸ ಮಾತ್ರ ಕೊಡಲಿಗೇ ಉಳಿಯಿತು, ಆದರೆ ಕೊಡಲಿ ಎತ್ತುವವರು ಊರಲ್ಲಿ ಉಳಿಯಲಿಲ್ಲ. ಒಡೆಯದೆ ಇಟ್ಟ ತುಂಡಿನಲ್ಲಿ ತೊಗಟೆ ನೀರನ್ನು ಬಿಟ್ಟುಕೊಡುವುದಿಲ್ಲ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು; ಹಸಿ ಕಟ್ಟಿಗೆ ಉರಿಸಿದರೆ ಅಷ್ಟು ಬೆಂಕಿ ಹಂಡೆಗೆ ದಕ್ಕದೆ ಹೊಗೆಯ ಜೊತೆ ಹೋಗುತ್ತದೆ. ಮಳೆಗಾಲಕ್ಕೆ ಮೊದಲು ಒಡೆದು, ಒಣಗಿಸಿ, ಕೊಟ್ಟಿಗೆಗೆ ಸೇರಿಸಲೇಬೇಕು. ಹಾಗಾಗಿ ನಮ್ಮಂಥವರಿಗೆ ಈ ಮಿಷನ್ ಷೋಕಿಯ ವಸ್ತುವಲ್ಲ.

ಟನ್ನಿನ ಲೆಕ್ಕ ಶಾಲೆಯ ಗಣಿತದಷ್ಟೇ ಸುಲಭ. ಮುಚ್ಚಿಟ್ಟ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ ಎಂದು ಪಾಸ್ಕಲ್ ಕಂಡುಕೊಂಡ. ಅದನ್ನೇ ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಎಣ್ಣೆಯ ಒತ್ತಡವನ್ನು ಸಿಲಿಂಡರಿನ ಒಳ ವಿಸ್ತೀರ್ಣದಿಂದ ಗುಣಿಸಿದರೆ ತಳ್ಳುವ ಬಲ ಸಿಗುತ್ತದೆ, ಅಷ್ಟೇ. ನಮ್ಮ ಸಿಲಿಂಡರಿನ ಒಳವ್ಯಾಸ 100 ಮಿಲಿಮೀಟರ್, ಅಂದರೆ ಸುಮಾರು 78.5 ಚದರ ಸೆಂಟಿಮೀಟರ್. ದಿಮ್ಮಿ ಕಚ್ಚಿಕೊಂಡು ನಿಂತಾಗ ಮಾಪಕದ ಮುಳ್ಳು ಮುಟ್ಟುವುದು ಚದರ ಸೆಂಟಿಮೀಟರಿಗೆ 180 ಕಿಲೋ. ಗುಣಿಸಿ ನೋಡಿ: 14 ಟನ್. ಉಳಿದ 6 ಟನ್ ಇದ್ದದ್ದು ಬಣ್ಣದಲ್ಲಿ ಮಾತ್ರ. ಸಿಲಿಂಡರಿನ ಒಳವ್ಯಾಸವನ್ನೂ ಒತ್ತಡಕ್ಕೆ ಮಿತಿ ಹಾಕುವ ರಿಲೀಫ್ ವಾಲ್ವ್ ಎಷ್ಟಕ್ಕೆ ಕೂಡಿಸಿದೆ ಎಂಬುದನ್ನೂ ಹೇಳಲಾರದ ಅಂಗಡಿಯಲ್ಲಿ ಮಿಷನ್ ಕೊಳ್ಳಬೇಡಿ.

ಆದರೆ ಈ ಕೊರತೆ ನನ್ನನ್ನು ಹೆಚ್ಚು ಕಾಡಲಿಲ್ಲ. ನಿಜವಾಗಿ ಕಾಡಿದ್ದು ಪಂಪು. 3 ಎಚ್‌ಪಿ ಮೋಟರು 180ರ ಒತ್ತಡದಲ್ಲಿ ನಿಮಿಷಕ್ಕೆ 6 ಲೀಟರಿಗಿಂತ ತುಸುವೇ ಹೆಚ್ಚು ಎಣ್ಣೆ ತಳ್ಳಬಲ್ಲದು. ಅರ್ಧ ಮೀಟರ್ ಉದ್ದ ಚಾಚುವ ನಮ್ಮ ಸಿಲಿಂಡರ್ ತುಂಬಲು 4 ಲೀಟರ್ ಬೇಕು. ಮೊದಲ ವರ್ಷ ಇದ್ದದ್ದು ಒಂದೇ ಹಂತದ ಪಂಪು. ದಿಮ್ಮಿ ಮುಟ್ಟುವ ಮೊದಲಿನ ಖಾಲಿ ಓಟಕ್ಕೂ ಅದೇ ಆಮೆ ನಡಿಗೆ. ಹೋಗಿ ಬರಲು ಒಂದು ನಿಮಿಷದ ಮೇಲೆ! ಬೆಣೆಯನ್ನು ನೋಡುತ್ತ ನಿಂತೇ ಕಾಲು ಸೋಲುತ್ತಿತ್ತು. ಎರಡನೇ ಬೇಸಿಗೆಗೆ ಎರಡು ಹಂತದ ಪಂಪು ಕೂಡಿಸಿದೆವು. ಅದರೊಳಗೆ ದೊಡ್ಡದೊಂದು, ಚಿಕ್ಕದೊಂದು ಗೇರಿನ ಜೋಡಿ ಇರುತ್ತವೆ. ಎದುರು ಬಲವಿಲ್ಲದಾಗ ಎರಡೂ ಸೇರಿ ಹೇರಳ ಎಣ್ಣೆ ತಳ್ಳುತ್ತವೆ. ಬೆಣೆ ಮರಕ್ಕೆ ಕಚ್ಚಿ ಒತ್ತಡ ಏರಿತೋ, ದೊಡ್ಡದರ ಎಣ್ಣೆ ತಾನಾಗಿ ಟ್ಯಾಂಕಿಗೆ ತಿರುಗುತ್ತದೆ. ಚಿಕ್ಕದು ನಿಧಾನವಾಗಿ, ಪೂರ್ತಿ ಬಲದಿಂದ ಒತ್ತುತ್ತದೆ. ಅದೇ ಮೋಟರು, ಅದೇ ಸಿಲಿಂಡರು, ಈಗ ಇಪ್ಪತ್ತು ಸೆಕೆಂಡಿನೊಳಗೆ ಹೋಗಿ ಬರುತ್ತದೆ. ಹೆಚ್ಚು ಟನ್ನಿಗೆ ಸುರಿಯುವ ದುಡ್ಡನ್ನು ಪಂಪಿಗೆ ಹಾಕಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದಕ್ಕೇ.

ಬಲದ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಹಿಂದೆ ನಮ್ಮಲ್ಲಿ ಕಟ್ಟಿಗೆ ಒಡೆಯಲು ಬರುತ್ತಿದ್ದ ಒಬ್ಬ ಹಿರಿಯರು. ಮಾವಿನ ಕವಲಿನ ತುಂಡೊಂದು ಬೆಣೆಗೆ ಸಿಕ್ಕಿ, ಮೋಟರು ನರಳಿ, ಮಿಷನ್ ನಿಂತೇಹೋಗಿತ್ತು. ಅವರು ತುಂಡನ್ನು ಬಿಡಿಸಿ, ಅದರ ತಲೆಯ ಬಿರುಕುಗಳನ್ನು ಬೆರಳಲ್ಲಿ ಸವರಿ, ‘ನಡುವಿಗೆ ಯಾಕೆ ಹಾಕ್ತೀರಿ, ಅಂಚಿಂದ ತೆಗೀರಿ’ ಎಂದರು. ಅಂಚಿನಿಂದ ಒಂದೊಂದೇ ಹೋಳು ಕಳಚುತ್ತ ಬಂದಾಗ ಅರ್ಧ ಒತ್ತಡಕ್ಕೇ ಅದು ಬಿಚ್ಚಿಕೊಂಡಿತು. ನಾರು ನೇರ ಇದ್ದರೆ ಬೆಣೆಯ ಮೂತಿ ತಾಗಿದ ಕ್ಷಣವೇ ಬಿರುಕು ಮುಂದೋಡುತ್ತದೆ. ಉಳಿದ ದಾರಿಯಲ್ಲಿ ಮಿಷನ್ನಿಗೆ ಕೆಲಸವೇ ಇಲ್ಲ. ನಾರು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅದನ್ನು ಸೀಳಲಾಗದು, ಹರಿಯಬೇಕು. ಮಾಂಸದಂಗಡಿಯಲ್ಲಿ ಹುಣಸೆಯ ಕೊರಡೇ ಇರುವುದು ಇದಕ್ಕೆ. ಕೊಡಲಿ ಹಿಡಿದ ಕೈ ಪ್ರತಿ ಪೆಟ್ಟಿಗೂ ಈ ಪಾಠ ಕಲಿಯುತ್ತಿತ್ತು. ಮಿಷನ್ ಒಂದೇ ಲಿವರಿನ ಹಿಂದೆ ಇದನ್ನೆಲ್ಲ ಮರೆಸಿಬಿಡುತ್ತದೆ. ಅದರ ದೊಡ್ಡ ದೋಷ ಇದು. 20 ಟನ್ನಿನ ಮೋಹ ಹುಟ್ಟುವುದೂ ಇಲ್ಲಿಂದಲೇ.

ಅಪಾಯದ ಮಾತನ್ನು ಯಾವ ಅಂಗಡಿಯವರೂ ಎತ್ತುವುದಿಲ್ಲ. ಯುರೋಪಿನಲ್ಲಿ ಮನೆಬಳಕೆಗೆ ಮಾರುವ ಮಿಷನ್ನುಗಳಲ್ಲಿ ಎರಡೂ ಕೈ ಹಿಡಿಕೆಯ ಮೇಲಿದ್ದರಷ್ಟೇ ಬೆಣೆ ಚಲಿಸುತ್ತದೆ, ಒಂದು ಕೈ ತೆಗೆದರೂ ನಿಲ್ಲುತ್ತದೆ. ನಮ್ಮದಕ್ಕೆ ಒಂದೇ ಲಿವರ್. ಒಬ್ಬರು ತುಂಡು ಹಿಡಿದು ಇನ್ನೊಬ್ಬರು ಲಿವರ್ ಎಳೆಯುವುದೇ ಬೆರಳು ಹೋಗುವ ದಾರಿ. ನಮ್ಮಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದೇವೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸೋರಿಕೆಯನ್ನು ಕೈಯಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಇಷ್ಟಾದರೂ, ಅಗ್ಗವೆಂದು ಮಾರುವ ತಿರುಗುವ ಶಂಕುವಿನ ಸ್ಕ್ರೂ ಮಿಷನ್ನಿಗಿಂತ ಇದು ಎಷ್ಟೋ ಮೇಲು. ಆ ಸ್ಕ್ರೂ ಪಂಚೆಯ ಅಂಚನ್ನೋ ಸೆರಗನ್ನೋ ಹಿಡಿದರೆ ಆಳನ್ನೇ ಎಳೆದುಕೊಳ್ಳುತ್ತದೆ. ಅದನ್ನು ಮನೆಯಂಗಳಕ್ಕೆ ತರಲೇಬಾರದು.

ಇನ್ನೊಮ್ಮೆ ಕೊಳ್ಳುವುದಾದರೆ ನಾನು ಆರಿಸುವುದು ಹನ್ನೆರಡು ಟನ್ನಿನ, ಎರಡು ಹಂತದ ಪಂಪಿನ, ನೆಟ್ಟಗೆ ನಿಲ್ಲಿಸಿ ಒಡೆಯುವ ಮಿಷನ್. ನಮ್ಮದು ಮಲಗಿದ ಮಾದರಿ, ದಿಮ್ಮಿಯನ್ನು ಸೊಂಟದೆತ್ತರಕ್ಕೆ ಎತ್ತಿ ಇಡಬೇಕು. ಒಂದೂವರೆ ಅಡಿ ಅಡ್ಡಗಲ, ಒಂದೂವರೆ ಅಡಿ ಉದ್ದದ ಹಸಿ ತುಂಡು ಅರವತ್ತು ಕಿಲೋ ದಾಟುತ್ತದೆ. ನಿಂತ ಮಾದರಿಯಾದರೆ ನೆಲದ ಮೇಲೆ ಉರುಳಿಸಿ ಬೆಣೆಯ ಕೆಳಗೆ ತಳ್ಳಿದರಾಯಿತು. ಕೊಡಲಿಯನ್ನು ಎಂದೂ ಮುಟ್ಟದ ನಮ್ಮ ಅತ್ತಿಗೆ ಹೋದ ಬೇಸಿಗೆಯಲ್ಲಿ ಒಬ್ಬರೇ ನಿಂತು ಅರ್ಧ ಕೊಟ್ಟಿಗೆ ತುಂಬುವಷ್ಟು ಕಟ್ಟಿಗೆ ಒಡೆದರು. ಈ ಮಿಷನ್ನಿನ ಬಗ್ಗೆ ನಾನು ಹೇಳಬಹುದಾದ ಅತಿ ದೊಡ್ಡ ಒಳ್ಳೆಯ ಮಾತು ಅದೇ. ಅವರಿಂದ ಎತ್ತಲಾಗದ ಏಳೆಂಟು ದಪ್ಪ ತುಂಡುಗಳು ಮಾತ್ರ ಅಂಗಳದ ಮೂಲೆಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿವೆ.