ಹಾಡುವವನೇ ಯಾವಾಗಲೂ ನೊಂದವನೇ?
(ಜಾನಪದ ವಿಡಿಯೋ ಗೀತೆಗಳ ಕಥೆ ಮತ್ತು ಪಾತ್ರಗಳ ಕುರಿತು)

ಕಳೆದ ದೀಪಾವಳಿಯ ಮುಂಚೆ ಲಕ್ಕುಂಡಿಯ ನಾಲ್ವರು ತರುಣರು ನನ್ನ ಅರಿವೆ ಅಂಗಡಿಗೆ ಬಂದರು. ಇಬ್ಬರು ನಮ್ಮ ಸಮಾಜದವರು. ದಾನಚಿಂತಾಮಣಿ ಅತ್ತಿಮಬ್ಬೆಯ ಮೇಲೆ ಒಂದು ಜಾನಪದ ವಿಡಿಯೋ ಗೀತೆಯನ್ನು ಮಾಡುವವರಿದ್ದೇವೆ, ಟ್ರಸ್ಟಿನಿಂದ ಅರ್ಧ ಖರ್ಚು ಕೊಡಿಸಬೇಕು ಎಂಬುದು ಅವರ ಬೇಡಿಕೆ. ಇಂಥ ಹಾಡುಗಳು ಅಂಗಡಿಯ ಹುಡುಗರ ಮೊಬೈಲಿನಿಂದ ಕಿವಿಗೆ ಬಿದ್ದುದುಂಟೇ ಹೊರತು ನಾನಾಗಿ ಕುಳಿತು ನೋಡಿದವನಲ್ಲ. ಸರಕು ನೋಡದೆ ಬೆಲೆ ಕಟ್ಟುವದು ವ್ಯಾಪಾರಿಗೆ ಸಲ್ಲದು. ಆದ್ದರಿಂದ ಅವರಿಂದಲೇ ಯಾದಿ ಪಡೆದು, ಎರಡು ವಾರಗಳ ಕಾಲ ಯೂಟ್ಯೂಬಿನಲ್ಲಿ ನಲವತ್ತಕ್ಕೂ ಹೆಚ್ಚು ಗೀತೆಗಳನ್ನು ನೋಡಿದೆ. ಕಂಡದ್ದನ್ನು ವಾಚಕರ ಮುಂದಿಡುತ್ತೇನೆ.

ಮೆಚ್ಚಬೇಕಾದುದನ್ನು ಮೊದಲು ಮೆಚ್ಚಬೇಕು. ಬಾಗಲಕೋಟೆ, ಬೆಳಗಾವಿ, ಗದಗ ಸೀಮೆಯ ಆಡುಮಾತು ಒಂದು ಕಾಲಕ್ಕೆ ಕನ್ನಡ ಚಲನಚಿತ್ರದಲ್ಲಿ ನಗೆಗೆ ಮಾತ್ರ ಬಳಕೆಯಾಗುತ್ತಿತ್ತು. 2018ರಲ್ಲಿ 'ರ‍್ಯಾಂಬೋ 2' ಚಿತ್ರಕ್ಕಾಗಿ ಶಿವು ಬೇರ್ಗಿ ಬರೆದ 'ಚುಟು ಚುಟು' ಗೀತೆಯನ್ನು ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ಹಾಡಿದ ಮೇಲೆ ಆ ಮಾತಿಗೆ ನಾಡಿನಾದ್ಯಂತ ಮನ್ನಣೆ ದೊರೆಯಿತು. ನಮ್ಮ ಹಳ್ಳಿಯ ವಿಡಿಯೋಗಳಲ್ಲಿಯೂ ಆ ಮಾತೇ ಜೀವಾಳ. ನಾಯಕರಾಗಿ ಬರುವವರು ಟ್ರ್ಯಾಕ್ಟರ್ ಹೊಡೆಯುವವರು, ಕಬ್ಬು ಕಡಿಯುವವರು, ಕುರಿ ಕಾಯುವವರು. ಬಿಸಿಲು ಕಂಡ ಮುಖಗಳು, ಎಣ್ಣೆ ಹಿಡಿದ ಕೈಗಳು. ಅನೇಕ ಗೀತೆಗಳಲ್ಲಿ ಹಾಡಿದವನೇ ನಟಿಸುತ್ತಾನೆ. ಪಟ್ಟಣದ ನಟನನ್ನು ತಂದು ನೇಗಿಲು ಹಿಡಿಸುವದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಆದರೆ ಈ ಪ್ರಾಮಾಣಿಕತೆ ಗಂಡು ಪಾತ್ರಕ್ಕೆ ಬಂದು ನಿಂತುಬಿಡುತ್ತದೆ. ಹುಡುಗಿಯ ಪಾತ್ರಕ್ಕೆ ಆ ಹೊಲದ ಬಿಸಿಲು ಎಂದೂ ತಾಗಿಲ್ಲ. ನಾಯಕನ ಓಣಿಯವಳೆಂದು ಹಾಡು ಹೇಳುತ್ತದೆ. ಅವಳ ನಡೆ, ಬಣ್ಣ, ಉಡುಪು ಬೇರೆ ಊರನ್ನು ಹೇಳುತ್ತವೆ. ಅರಿವೆ ವ್ಯಾಪಾರಿಯಾಗಿ ಒಂದು ಮಾತು: ಇಳಕಲ್ಲ ಸೀರೆ ಉಡಿಸಿದ ಮೇಲೆ ಅದರ ಟೋಪ ತೆನಿ ಸೆರಗನ್ನು ಮಡಿಚಿ ಭುಜಕ್ಕೆ ಪಿನ್ನು ಹಾಕಿ ಮರೆಮಾಡುವದೇತಕ್ಕೆ? ನೇಕಾರನ ಶ್ರಮವೆಲ್ಲ ಇರುವದು ಆ ಸೆರಗಿನಲ್ಲಿಯೇ. ಇರಲಿ, ಅದು ಸಣ್ಣ ದೋಷ.

ದೊಡ್ಡ ದೋಷ ಕಥೆಯಲ್ಲಿದೆ. ನಾನು ನೋಡಿದ ಗೀತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಕಥೆ. ಬಡ ಹುಡುಗ ಪ್ರೀತಿಸುತ್ತಾನೆ. ಹುಡುಗಿ ನೌಕರಿಯವನನ್ನೋ ಸಾಹುಕಾರನನ್ನೋ ಮದುವೆಯಾಗುತ್ತಾಳೆ. ಅವನು ಕುಡಿಯುತ್ತಾನೆ, ಅಥವಾ ಪ್ರಾಣ ಕಳೆದುಕೊಳ್ಳುತ್ತಾನೆ. ಹಾಡು ಅವಳನ್ನು ಮೋಸಗಾತಿಯೆಂದು ಕರೆದು ಮುಗಿಯುತ್ತದೆ. ಅವಳಿಗೆ ತಂದೆ ಒತ್ತಾಯ ಮಾಡಿದನೇ, ಅವಳು ಇವನನ್ನು ಪ್ರೀತಿಸಿದ್ದಾದರೂ ಹೌದೇ, ಎಂಬ ಪ್ರಶ್ನೆಗೆ ಎಡೆಯಿಲ್ಲ. ಐದು ನಿಮಿಷಗಳ ಉದ್ದಕ್ಕೂ ಅವಳಿಗೆ ಒಂದು ಸಾಲೂ ದೊರೆಯುವದಿಲ್ಲ. ಫಿರ್ಯಾದಿಯೂ ನ್ಯಾಯಾಧೀಶನೂ ಹಾಡುವವನೊಬ್ಬನೇ.

ನಮ್ಮ ಸೀಮೆಯ ಹಳೆಯ ಹಾಡುಗಾರಿಕೆ ಹೀಗಿರಲಿಲ್ಲ. ಹರದೇಶಿ–ನಾಗೇಶಿ ಪದಗಳಲ್ಲಿ ಒಂದು ಮೇಳ ಗಂಡನ್ನು ಹೆಚ್ಚೆಂದರೆ ಎದುರು ಮೇಳ ಹೆಣ್ಣನ್ನು ಹೆಚ್ಚೆಂದು ಬೆಳತನಕ ಸವಾಲು–ಜವಾಬು ನಡೆಸುತ್ತಿದ್ದವು. ಉತ್ತರಕ್ಕೆ ಜಾಗವಿಲ್ಲದ ಪದ ಅಲ್ಲಿ ಪದವೇ ಅಲ್ಲ. ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟದಲ್ಲಂತೂ ಪರರ ಹೆಂಡತಿಯ ಮೇಲೆ ಕಣ್ಣಿಟ್ಟ ತಪ್ಪಿತಸ್ಥನೇ ಕಥೆಯ ನಾಯಕ. ಪ್ರೇಕ್ಷಕನು ಅವನಿಗಾಗಿ ಮರುಗುತ್ತಾನೆ, ಅವನ ತಪ್ಪನ್ನು ಮಾತ್ರ ಮನ್ನಿಸುವದಿಲ್ಲ.

ಅಮೇರಿಕೆಯಲ್ಲಿಯೂ ಹಳ್ಳಿಗಾಡಿನ ಸಂಗೀತದ ವಿಡಿಯೋಗಳುಂಟು. ಅಲ್ಲಿಯ ಪ್ರಸಿದ್ಧ ಗಾಯಕ ಗಾರ್ಥ್ ಬ್ರೂಕ್ಸ್ 1991ರಲ್ಲಿ 'ದ ಥಂಡರ್ ರೋಲ್ಸ್' ಎಂಬ ಗೀತೆಯ ವಿಡಿಯೋದಲ್ಲಿ, ಹೆಂಡತಿಗೆ ದ್ರೋಹ ಬಗೆದು ಹೊಡೆಯುವ ಗಂಡನ ಪಾತ್ರವನ್ನು ಗಡ್ಡ ಕಟ್ಟಿಕೊಂಡು ತಾನೇ ಮಾಡಿದನು. ಹಿಂಸೆಯ ದೃಶ್ಯಗಳಿಗಾಗಿ ಎರಡು ಸಂಗೀತ ವಾಹಿನಿಗಳು ಅದನ್ನು ನಿಲ್ಲಿಸಿದವು; ಅದೇ ವರ್ಷ ಅದಕ್ಕೆ ಅಲ್ಲಿಯ ಸಂಗೀತ ಸಂಘದ ಉತ್ತಮ ವಿಡಿಯೋ ಪ್ರಶಸ್ತಿಯೂ ಬಂದಿತು. ಹಿಂಸೆಯನ್ನು ತೋರಿಸಬೇಕಿತ್ತೇ ಎಂಬಲ್ಲಿ ನನಗೆ ಅನುಮಾನವಿದೆ. ಆದರೆ ಕೇಳುಗರು ಪ್ರೀತಿಸುವ ಗಾಯಕನು ತನ್ನನ್ನೇ ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸಿಕೊಂಡ ಧೈರ್ಯವನ್ನು ನಮ್ಮ ತರುಣರು ಗಮನಿಸಬೇಕು.

ಅಷ್ಟು ದೂರ ಹೋಗುವ ಕಾರಣವೂ ಇಲ್ಲ. ಹದಿಮೂರನೆಯ ಶತಮಾನದ ಜನ್ನನ 'ಯಶೋಧರ ಚರಿತೆ' ಒಂದು ಹಾಡಿನಿಂದ ಕೆಟ್ಟ ಮನೆಯ ಕಥೆ. ರಾಣಿ ಅಮೃತಮತಿಯು ರಾತ್ರಿ ಆನೆಯ ಮಾವುತನ ಹಾಡು ಕೇಳಿ, ಅವನ ಮುಖ ಕಾಣುವ ಮೊದಲೇ ಮನಸೋತಳು. ಜನ್ನನು ಆ ಪಾತ್ರಕ್ಕೆ ಆರಿಸಿದ್ದು ಯಾರನ್ನು? ವಿಕಾರ ರೂಪಿನ ಅಷ್ಟಾವಂಕನನ್ನು. ಚೆಲುವನನ್ನು ಆರಿಸಿದ್ದರೆ ರಾಣಿಯ ಮೋಹಕ್ಕೆ ರೂಪವೇ ಕಾರಣವೆಂದು ಓದುಗ ಸುಮ್ಮನಾಗುತ್ತಿದ್ದ. ಕುರೂಪಿಯನ್ನು ನಿಲ್ಲಿಸಿದ್ದರಿಂದ ಮೋಹವೆಂಬುದು ಏನೆಂದು ಓದುಗನೇ ಯೋಚಿಸಬೇಕಾಯಿತು. ನೋಡಿ ಬಂದ ಕೆಳದಿ ಹೇಸಿ ವರ್ಣಿಸಿದಾಗ ರಾಣಿ ಅದಕ್ಕೆ ತನ್ನ ಉತ್ತರವನ್ನೂ ಕೊಡುತ್ತಾಳೆ. ಅವಳದು ಘೋರ ಅಪರಾಧ. ಆದರೂ ಕವಿ ಅವಳ ಬಾಯಿ ಕಟ್ಟಲಿಲ್ಲ.

ಕೊನೆಯ ಸಾವಿನ ದೃಶ್ಯಗಳ ಬಗ್ಗೆ ತರುಣರನ್ನು ಕೇಳಿದಾಗ ಒಬ್ಬನು, "ಕಾಕಾರ, ಅದು ಬರೇ ಆಕ್ಟಿಂಗ್ ಐತ್ರಿ, ಖರೇ ಯಾರೂ ಸಾಯಂಗಿಲ್ಲ" ಎಂದನು. ಯಶೋಧರನೂ ಹಾಗೆಯೇ ತಿಳಿದಿದ್ದ. ತಾಯಿಯ ಮಾತು ಮೀರಲಾರದೆ ಅವನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಆ ಒಂದು ಸಂಕಲ್ಪಕ್ಕೆ ತಾಯಿ–ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಅಲೆದರು. ಪ್ರೀತಿ ಸಿಗದಿದ್ದರೆ ಸಾಯುವದು ನಾಯಕನ ಲಕ್ಷಣವೆಂದು ಹದಿನೇಳು ವರ್ಷದ ಹುಡುಗನಿಗೆ ಇಂಪಾದ ಧಾಟಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುವವನು ಕೇವಲ ಹಿಟ್ಟನ್ನು ಕಡಿಯುತ್ತಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಬಲ್ಲ ನಾವು, ಹಣ ಕೊಡುವಾಗ ಇದನ್ನು ಮರೆಯಲಾಗದು.

ಇನ್ನು ಅತ್ತಿಮಬ್ಬೆಯ ಗೀತೆ. ತರುಣರು ತಂದ ಕಥೆಯಲ್ಲಿ ಆಕೆ ಒಡವೆ ತೊಟ್ಟು ಬ್ರಹ್ಮ ಜಿನಾಲಯದ ಮುಂದೆ ಬಂಗಾರ ಹಂಚುವ ಇಪ್ಪತ್ತರ ಚೆಲುವೆ. ನಾನು ಬೇರೊಂದು ಕಥೆಯನ್ನು ನೆನಪಿಸಿದೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದಾಗ, ಅವನ ಇನ್ನೊಬ್ಬ ಹೆಂಡತಿಯೂ ಆಕೆಯ ಒಡಹುಟ್ಟಿದ ತಂಗಿಯೂ ಆದ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಏರಲಿಲ್ಲ, ಮಗ ಅಣ್ಣಿಗದೇವನನ್ನು ಸಾಕಿದಳು, ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿದಳು, 993ರಲ್ಲಿ ರನ್ನನಿಂದ 'ಅಜಿತಪುರಾಣ'ವನ್ನು ರಚಿಸಿಸಿದಳು. ಲಕ್ಕುಂಡಿಯ ಜಿನಾಲಯವಾದದ್ದು 1007ರಲ್ಲಿ, ಆಕೆಯ ಯೌವನ ಕಳೆದು ಬಹಳ ಕಾಲದ ಮೇಲೆ. ಒಂದೇ ಮನೆಯಲ್ಲಿ ಒಬ್ಬಳು ಸಾಯಲು ಹೊರಟಳು, ಇನ್ನೊಬ್ಬಳು ಬದುಕಲು ನಿಂತಳು. ಐದು ನಿಮಿಷದ ಹಾಡಿಗೆ ಇದಕ್ಕಿಂತ ದೊಡ್ಡ ಕಥೆ ಎಲ್ಲಿ ಸಿಕ್ಕೀತು?

"ಹಂಗಾದ್ರ ಹೀರೋಯಿನ್ ಯಾರು ಮಾಡಬೇಕ್ರಿ ಕಾಕಾರ? ವಯಸ್ಸಾದಾಕಿನ್ನ ಯಾರು ನೋಡ್ತಾರ?" ಎಂದು ಕೇಳಿದರು. ಐವತ್ತು ದಾಟಿದ, ಬಿಸಿಲಲ್ಲಿ ದುಡಿದು ಗೊತ್ತಿರುವ ನಿಮ್ಮೂರಿನ ಹೆಂಗಸೊಬ್ಬಳನ್ನು ಹುಡುಕಿರಿ, ಬಿಳಿ ಸೀರೆ ನನ್ನ ಅಂಗಡಿಯದು, ಆಕೆಗೆ ಹಾಡಲು ಕಡೇಪಕ್ಷ ಎರಡು ನುಡಿ ಇರಲಿ, ಎಂದೆ. ಟ್ರಸ್ಟಿನ ಸಭೆಯಲ್ಲಿ ಈ ಕರಾರಿನ ಮೇಲೆ ಅರ್ಧ ಖರ್ಚಿಗೆ ನಾನು ಕೈ ಎತ್ತುವವನಿದ್ದೇನೆ. ಹುಡುಗರು ಇನ್ನೂ ಹೆಂಗಸನ್ನು ಹುಡುಕುತ್ತಿದ್ದಾರೆ. ಒಬ್ಬನು ಮೊನ್ನೆ, ತನ್ನ ಅಜ್ಜಿಯನ್ನೇ ಕೇಳಿ ನೋಡುವೆನೆಂದು ಹೇಳಿ ಹೋದನು.